ಎರಡು ಎಣಿಕೆ

ಜನವರಿ 12, ಶುಕ್ರವಾರ

ರೊಟ್ಟಿಗೆ ಇವತ್ತೂ ಬಳಸು ದಾರಿ. ಮರ್ಗಿಲಾನಿನ ಬಜಾರಿನಲ್ಲಿ ಒಳ್ಳೆಯ ರೊಟ್ಟಿ ಸಿಗುವುದು ಮೂರನೆಯ ಸಾಲಿನಲ್ಲಿ, ಕುಮ್ರಿಯ ತಂದೂರಿನಲ್ಲಿ. ನಾನು ಹೋಗುವುದು ಐದನೆಯ ಸಾಲಿಗೆ. ಅಲ್ಲಿಯದು ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ. ಮದುವೆಯಾಗಿ ಈ ಊರಿಗೆ ಮರಳಿದಾಗಿನಿಂದ ಮನೆಯವರಿಗೆಲ್ಲ ಚಪ್ಪಲಿಯನ್ನೇ ತಿನ್ನಿಸುತ್ತಿದ್ದೇನೆ. ಯಾಕೆ ಅಂತ ಯಾರೂ ಕೇಳಿಲ್ಲ.

ಮೂರು ಗಂಟೆಗೆ ಉಸ್ತಾದಮ್ಮನ ಮನೆ. ಕೊನೆಗೂ ಹೋದೆ! ಇಪ್ಪತ್ತನಾಲ್ಕು ವರ್ಷದ ಮೇಲೆ ಹಾಡಿನ ಪಾಠ. ಮನೆಯಲ್ಲಿ ಹೇಳಿದ್ದು — ಡಾಕ್ಟರು ಹಾಡಿ ಉಸಿರಿನ ವ್ಯಾಯಾಮ ಮಾಡು ಅಂದಿದ್ದಾರೆ, ಬಿಪಿಗೆ. ಅರ್ಧ ನಿಜ. ಇವರಿಗೆ ನಗುವೋ ನಗು. "ಫಾರ್ಮಸಿಲಿ ಕೂತು ಬಿಪಿ ಮಾತ್ರೆ ಮಾರೋಳು ತನ್ನ ಬಿಪಿನ ಹಾಡಿ ಇಳಿಸ್ತಾಳಂತೆ. ಗಿರಾಕಿಗಳಿಗೆ ಗೊತ್ತಾದ್ರೆ ಅಂಗಡಿ ಮುಚ್ಚಬೇಕಾಗುತ್ತೆ."

ಉಳಿದರ್ಧ ಬೇರೆ. ಅಮ್ಮ ಹೋದ ಮೇಲೆ ಅವಳ ಪೆಟ್ಟಿಗೆ ಖಾಲಿ ಮಾಡುವಾಗ ನನ್ನ ಹಳೆಯ ಚಹಾ ತಟ್ಟೆ ಸಿಕ್ಕಿತು. ಹಾಡುವಾಗ ಬಾಯಿಯ ಪಕ್ಕ ಹಿಡಿಯುತ್ತಿದ್ದದ್ದು, ದನಿ ದೂರ ಹೋಗಲಿ ಎಂದು. ಸುಮ್ಮನೆ ಬಾಯಿಯ ಹತ್ತಿರ ಹಿಡಿದೆ. ಕೆಳಗಿಡಲು ಮನಸ್ಸು ಬರಲಿಲ್ಲ.

ಉಸ್ತಾದಮ್ಮನಿಗೆ ಎಂಬತ್ತೊಂದು. ಕೈ ನಡುಗುತ್ತದೆ, ನಾಲಿಗೆ ನಡುಗುವುದಿಲ್ಲ. "ಬಂದ್ಯಾ? ಬಾಗಿಲು ಹಾಕು, ಚಳಿನೂ ನಿನ್ನ ಹಿಂದೇನೇ ಬಂತು." ನಿನ್ನೆ ತಾನೇ ಎದ್ದು ಹೋದವಳಿಗೆ ಹೇಳಿದ ಹಾಗೆ. ಇಪ್ಪತ್ತು ನಿಮಿಷ ಬರೀ ಉಸಿರು ಹಿಡಿಸಿದರು.

ಜನವರಿ 19

ದನಿ ಬರುತ್ತಿಲ್ಲ. ಉಸ್ತಾದಮ್ಮ: "ತುಂಬಾ ದಿನ ಮುಚ್ಚಿದ್ದ ನಲ್ಲಿ ಮಗಳೇ. ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ನೀರು. ನೀನಿನ್ನೂ ಗಾಳೀಲಿದೀಯ."

ಹೊರಡುವಾಗ ಬಾಂಬು ಹಾಕಿದರು. "ನಮ್ಮ ‘ದೊಡ್ಡ ಹಾಡು’ ಒಬ್ಬಳ ಹಾಡಲ್ಲ. ಒಂದು ಸಾಲು ನಿಂದು, ಒಂದು ಸಾಲು ಜೊತೆಗಾತೀದು. ನಿನ್ನ ಉಸಿರು ಮುಗಿಯೋ ಕಡೆ ಅವಳದು ಶುರುವಾಗ್ಬೇಕು. ಕುಮ್ರಿನ ಕರ್ಕೊಂಡು ಬಾ."

ಹೂಂ ಅಂದೆ.

ಜನವರಿ 23. ಊಟದ ಬಿಡುವು

ಮೂರನೆಯ ಸಾಲಿನ ತಿರುವಿನವರೆಗೆ ಹೋದೆ. ಕುಮ್ರಿಯ ಬೆನ್ನು ಕಾಣಿಸಿತು. ದಪ್ಪಗಾಗಿದ್ದಾಳೆ. ಮೊಣಕೈವರೆಗೆ ತಂದೂರಿನೊಳಗೆ ಬಗ್ಗಿ ಯಾರನ್ನೋ ಬೈಯುತ್ತಿದ್ದಳು, ಕ್ಯೂ ಪೂರ್ತಿ ನಗುತ್ತಿತ್ತು.

ವಾಪಸ್ ಬಂದೆ. ಐದನೆಯ ಸಾಲು.

ಜನವರಿ 26

"ಏನಂದಳು?"

"ಒಲ್ಲೆ ಅಂದಳು."

ನಾಲಿಗೆ ತಾನಾಗಿಯೇ ಹೇಳಿತು. ಅಷ್ಟಕ್ಕೆ ನಿಲ್ಲಲೂ ಇಲ್ಲ. ಬಿಡುವಿಲ್ಲವಂತೆ, ಗಂಟಲು ಹೋಗಿದೆಯಂತೆ... ಉಸ್ತಾದಮ್ಮ "ಹೌದಾ" ಅಂದರು, ಅಷ್ಟೇ. ಒಂದು ತಪ್ಪು ಸಾಲದು ಅಂತ ಮೇಲೊಂದು. ನಾಚಿಕೆಯಾಗುತ್ತಿದೆ ನನಗೆ.

ಜನವರಿ 27

ಎಲ್ಲಿಯೂ ಬರೆದಿಲ್ಲ ಇದನ್ನು. ಬರೆದೇ ಬಿಡುತ್ತೇನೆ.

ಆಗ ನಮಗಿಬ್ಬರಿಗೂ ಇಪ್ಪತ್ತು. ಉಸ್ತಾದಮ್ಮನ ಅಂಗಳ, ಮುನ್ನೂರು ಜನ. ತಾಷ್ಕೆಂಟಿನಿಂದ ಹಾಡುವವರನ್ನು ಆರಿಸಲು ಬಂದಿದ್ದರು, ಒಬ್ಬಳನ್ನು ಮಾತ್ರ ಒಯ್ಯುತ್ತಾರಂತೆ. ಕುಮ್ರಿಯ ದನಿ ನನ್ನದಕ್ಕಿಂತ ಮೇಲು. ಎಲ್ಲರಿಗೂ ಗೊತ್ತಿತ್ತು. ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹಾಡಿನ ತುತ್ತತುದಿ. ಕುಮ್ರಿ ಮೇಲಿನ ಸಾಲು ಎತ್ತಿದಳು, ತುದಿಗೆ ಬಂದಳು, ತಟ್ಟೆ ವಾಲಿಸಿದಳು. ನಮ್ಮ ಸನ್ನೆ ಅದು — ಉಸಿರು ಮುಗಿಯಿತು, ತಗೋ. ನನ್ನ ಎದೆ ತುಂಬ ಉಸಿರಿತ್ತು. ತಗೊಳ್ಳಲಿಲ್ಲ. ಮನಸ್ಸಿನಲ್ಲಿ ಎಣಿಸಿದೆ, ಒಂದು, ಎರಡು. ಅವಳು ಬಿಡಲಿಲ್ಲ ಪಾಪ. ಹಾಡು ಕಡಿದುಹೋಗಬಾರದಲ್ಲ, ಅದಕ್ಕೆ ಎಳೆದಳು. ದನಿ ಒಡೆಯಿತು. ಕೆಮ್ಮು. ತಟ್ಟೆ ಕೈಜಾರಿ ಚೂರಾಯಿತು.

ಆಮೇಲೆ ನಾನು ತಗೊಂಡೆ. ಎಷ್ಟು ಚೆನ್ನಾಗಿ ತಗೊಂಡೆ! ಬಿದ್ದ ಹಾಡನ್ನು ಎತ್ತಿ ನಿಲ್ಲಿಸಿದಳು ಹುಡುಗಿ ಅಂದರು ಹಿರಿಯರು.

ತಾಷ್ಕೆಂಟಿನಲ್ಲಿ ಎರಡು ವರ್ಷ. ತುತ್ತತುದಿಗೆ ಬಂದಾಗಲೆಲ್ಲ ತಟ್ಟೆ ಒಡೆದ ಸದ್ದು ಕೇಳುತ್ತಿತ್ತು. ಬಿಟ್ಟೆ. ಕುಮ್ರಿ ಅಂದಿನಿಂದಲೇ ಬಿಟ್ಟಿದ್ದಳು. ಇಬ್ಬರ ಹಾಡನ್ನೂ ಕೊಂದವಳು ನಾನೊಬ್ಬಳೇ.

ಫೆಬ್ರವರಿ 2, ಶುಕ್ರವಾರ

ಬಾಗಿಲು ತೆಗೆದರೆ ಕುಮ್ರಿ ಕೂತಿದ್ದಾಳೆ!

"ಬಂದಳಪ್ಪ ತಾಷ್ಕೆಂಟ್ ರಾಣಿ!" ಎದ್ದು ಬಂದು ಅಪ್ಪಿಕೊಂಡಳು. ಹುಬ್ಬಿನಲ್ಲೆಲ್ಲ ಹಿಟ್ಟು, ತೋಳಿನ ತುಂಬ ಸುಟ್ಟ ಕಲೆ. "ಪ್ರತಿ ಶುಕ್ರವಾರ ಬೆಳಿಗ್ಗೆ ಉಸ್ತಾದಮ್ಮನಿಗೆ ರೊಟ್ಟಿ ಕೊಡೋಕೆ ಬರ್ತೀನಿ ಕಣೇ. ಇವತ್ತು ನೋಡು, ಮೂರು ಗಂಟೆಗೆ ಮತ್ತೆ ಬಾ, ನಿನ್ನ ಗೆಳತಿ ಮುಹಯ್ಯೋ ಬರ್ತಾಳೆ ಅಂದ್ರು. ನೀನು ಪಾಠ ಶುರು ಮಾಡಿದ್ದೂ ನಂಗೆ ಗೊತ್ತಿಲ್ಲ! ಬಂದು ಒಂದು ಮಾತು ಹೇಳ್ಬಾರ್ದಿತ್ತಾ?"

ಉಸ್ತಾದಮ್ಮ ನನ್ನನ್ನೇ ನೋಡಿದರು. ಚಹಾ ಹಾಕಿದರು. ಕುಮ್ರಿಗೆ ಗೌರವದ ಅರ್ಧ ಬಟ್ಟಲು. ನನಗೆ ಅಂಚಿನವರೆಗೂ, ಕುಡಿದು ಎದ್ದು ಹೋಗಲಿ ಎಂದು ಬೇಡದ ನೆಂಟರಿಗೆ ಹಾಕುವ ಹಾಗೆ. ನಾಲಿಗೆ ಸುಟ್ಟರೂ ಪೂರ್ತಿ ಕುಡಿದೆ.

ಹೊರಗೆ ಬಂದ ಮೇಲೆ ಕುಮ್ರಿ ಕೈ ಹಿಡಿದಳು.

"ಒಂದು ಮಾತು. ಎಷ್ಟು ವರ್ಷದಿಂದ ಹೊಟ್ಟೇಲಿಟ್ಕೊಂಡಿದೀನಿ. ಅವತ್ತು ನಿನ್ನ ಪಾಲು ನಾನು ತಿಂದೆ ಕಣೇ. ಇನ್ನೊಂಚೂರು, ಇನ್ನೊಂಚೂರು ಅಂತ ಆಸೆಬುರುಕಿ ಹಾಗೆ ಎಳೆದೆ. ನಿಂಗೆ ತಗೊಳ್ಳೋಕೆ ಜಾಗಾನೇ ಬಿಡ್ಲಿಲ್ಲ. ದೇವರು ಗಂಟಲು ಹಿಡಿದ. ಅದಕ್ಕೇ ತಾನೇ ನೀನು ನನ್ನ ತಂದೂರಿನ ಕಡೆ ತಲೆ ಹಾಕಲ್ಲ? ಸರಿನೇ ಬಿಡು. ಆದ್ರೂ ಕ್ಷಮಿಸಿಬಿಡೇ."

"ಬಿಡೇ," ಅಂದೆ. "ಹಳೇ ಮಾತು."

ಕ್ಷಮಿಸಿದೆ. ನಾನು. ಅವಳನ್ನು.

ಫೆಬ್ರವರಿ 16

ಹೋದ ವಾರ ತಪ್ಪಿಸಿಕೊಂಡೆ. ಡ್ಯೂಟಿ ಅಂತ ಫೋನ್ ಮಾಡಿದೆ. ಅದೂ ಸುಳ್ಳು.

ಇವತ್ತು ಇಬ್ಬರೂ ಹಾಡಿದೆವು. ಕುಮ್ರಿಯ ದನಿ ಹೊಗೆ ಕುಡಿದು ಒರಟಾಗಿದೆ, ಆದರೆ ಕೆಳಗಿನ ಸಾಲುಗಳಲ್ಲಿ ಎಂಥ ಗಟ್ಟಿ! ಮೇಲಿನ ಸಾಲಿಗೆ ಬಂದರೆ ಮಾತ್ರ ಅರ್ಧಕ್ಕೇ ಕೈಯಲ್ಲಿನ ಎರವಲು ತಟ್ಟೆ ವಾಲಿಸುತ್ತಾಳೆ. ನಾಲ್ಕು ಸಲ ಹಾಡಿಸಿದರು. ನಾಲ್ಕೂ ಸಲ ಹಾಗೇ.

ಉಸ್ತಾದಮ್ಮ ರೇಗಿದರು. "ಹೊಟ್ಟೆ ತುಂಬ ಉಸಿರಿಟ್ಕೊಂಡು ಯಾಕೆ ನಿಲ್ಲಿಸ್ತೀಯೇ? ಯಾರಿಗೆ ಉಳಿಸ್ತಿದೀಯ?"

ಕುಮ್ರಿ ತಲೆ ತಗ್ಗಿಸಿದಳು. "ಮುಂದೆ ಹೋಗೋಕೆ ಭಯ ಉಸ್ತಾದಮ್ಮ. ಮತ್ತೆ ಇವಳ ಪಾಲು ತಿಂದುಬಿಟ್ಟರೆ?"

ನಾನು ಅವತ್ತು ಒಂದು ಸಾಲು ಕೆಡಿಸಿದೆ ಅಂದುಕೊಂಡಿದ್ದೆ. ಇನ್ನೂ ಕೆಡಿಸುತ್ತಲೇ ಇದ್ದೇನೆ. ನಾನು ಬಾಯಿ ಬಿಡುವವರೆಗೆ ಅವಳು ಮೇಲೆ ಹೋಗುವುದಿಲ್ಲ.

ಉಸ್ತಾದಮ್ಮ ನನ್ನ ಕಡೆ ತಿರುಗಲೇ ಇಲ್ಲ. ಗೊತ್ತಾ ಅವರಿಗೆ? ಎಂದಿನಿಂದ?

ಫೆಬ್ರವರಿ 20, ಮಂಗಳವಾರ. ಬೆಳಿಗ್ಗೆ 8

ಮೂರನೆಯ ಸಾಲು. ಕ್ಯೂನಲ್ಲಿ ನಿಂತೆ. ನನ್ನ ಸರದಿ ಬಂತು.

"ಓಹೋ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ಎಷ್ಟು ರೊಟ್ಟಿ?"

ಹೇಳಿದೆ. ಬೇರೆ ಜಾಗ, ಬೇರೆ ಹೊತ್ತು ಹುಡುಕುತ್ತಾ ಹೋದರೆ ಇನ್ನೂ ಇಪ್ಪತ್ತು ವರ್ಷ ಹೋಗುತ್ತಿತ್ತು. ನೀನು ನನ್ನ ಪಾಲು ತಿನ್ನಲಿಲ್ಲ ಕುಮ್ರಿ. ನೀನು ಕೊಟ್ಟೆ, ನಾನೇ ತಗೊಳ್ಳಲಿಲ್ಲ. ಬೇಕಂತಲೇ.

ಅವಳ ಕೈ ತಂದೂರಿನೊಳಗೆ ಇತ್ತು. ಹಾಗೇ ಉಳಿಯಿತು, ಸುಡುವುದೂ ತಿಳಿಯದ ಹಾಗೆ.

"ಉಸಿರು ಇತ್ತಾ?"

"ಇತ್ತು."

"ತುಂಬ?"

"ತುಂಬ. ಎರಡು ಎಣಿಸಿದೆ."

ಕೈ ಹೊರಗೆ ತೆಗೆದಳು. ಒಂದು ರೊಟ್ಟಿ ಕಾಗದದಲ್ಲಿ ಸುತ್ತಿ ನನ್ನ ಮುಂದಿಟ್ಟಳು. ನನ್ನ ಹೆಗಲಿನ ಆಚೆ ನೋಡುತ್ತಾ ಅಂದಳು:

"ಮುಂದಿನವರು ಬನ್ನಿ."

ಫೆಬ್ರವರಿ 23

ಕುಮ್ರಿ ಬರಲಿಲ್ಲ. ಬೆಳಿಗ್ಗೆ ರೊಟ್ಟಿಯನ್ನೂ ಯಾರದೋ ಕೈಯಲ್ಲಿ ಕಳಿಸಿದಳಂತೆ.

ಉಸ್ತಾದಮ್ಮನಿಗೂ ಎಲ್ಲ ಹೇಳಿದೆ. ಸುಳ್ಳು ಹೇಳಿದ್ದೂ ಸೇರಿ. ಕೇಳಿಸಿಕೊಂಡರು. "ಅವತ್ತು ನಿನ್ನ ಹೆಗಲು ಮೇಲೆದ್ದಿದ್ದು ನೋಡಿದ್ದೆ," ಅಂದರು. "ಉಸಿರು ತುಂಬಿದೋಳು ಯಾಕೆ ಹಾಡ್ಲಿಲ್ಲ ಅಂತ ನೀನೇ ಬಂದು ಹೇಳ್ತೀಯ ಅಂತಿದ್ದೆ. ಎಷ್ಟು ಕಾಯಿಸಿದೆ!" ತಣ್ಣಗಾದ ಚಹಾ ಪಕ್ಕಕ್ಕೆ ಸರಿಸಿ, "ನಂದೂ ತಪ್ಪೇ. ನಾನೂ ಬಾಯಿ ಬಿಡಲಿಲ್ಲ. ಒಬ್ಬಳಾದ್ರೂ ಹಾಡ್ತಾಳಲ್ಲ ಅಂದ್ಕೊಂಡೆ."

ಇಬ್ಬರೂ ಅತ್ತೆವು. ಪಾಠ ಆಗಲಿಲ್ಲ.

ಮಾರ್ಚ್ 1, ಶುಕ್ರವಾರ. ಸಂಜೆ

ಬಂದಿದ್ದಳು. ನನಗಿಂತ ಮೊದಲೇ. ಕಂಕುಳಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಹೊಸ ತಟ್ಟೆ. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

"ಮೇಲಿನ ಸಾಲು ಮುಹಯ್ಯೋ ಎತ್ತಲಿ," ಅಂದರು ಉಸ್ತಾದಮ್ಮ. "ಕುಮ್ರಿ ತಗೊಳ್ಳಲಿ."

ಎತ್ತಿದೆ. ನನ್ನದೆಷ್ಟು ಉಸಿರು, ಏಳು ವಾರದ್ದು. ತುದಿಗೆ ಬಂದೆ. ತಟ್ಟೆ ವಾಲಿಸಿದೆ. ಕುಮ್ರಿಯ ಹೆಗಲು ಮೇಲೆದ್ದಿತ್ತು. ಎದೆ ತುಂಬಿತ್ತು. ಬಾಯಿ ಮುಚ್ಚಿತ್ತು. ಬಂದಾಗಿನಿಂದ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು.

ಒಂದು.

ಅರ್ಥವಾಯಿತು. ಬಿಡಲಿಲ್ಲ ನಾನು. ಎಳೆದೆ.

ಎರಡು.

ಒಡೆಯಿತು. ಕೆಮ್ಮು, ಕಣ್ಣಲ್ಲಿ ನೀರು, ಗಂಟಲಲ್ಲಿ ಮುಳ್ಳು. ಹೀಗಿತ್ತು ಅವಳಿಗೆ ಅವತ್ತು. ಅವತ್ತು ಮುನ್ನೂರು ಜನರ ಎದುರು. ಇವತ್ತು ನಾವು ಮೂವರೇ. ಅದು ಅವಳ ದೊಡ್ಡತನ.

ಆಗ ತಗೊಂಡಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಪೂರ್ತಿ ಮೇಲೆ ಹೋದಳು, ಒರಟು ದನಿಯಲ್ಲೇ, ಯಾರ ಭಯವೂ ಇಲ್ಲದೆ. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆ ಕೈಯಲ್ಲಿ ಚಾದರ ಹಿಡಿದುಕೊಂಡೇ ಕಿಟಕಿಗೆ ಬಂದು ನಿಂತಳು.

ಉಸ್ತಾದಮ್ಮ ಮೂಗು ಒರೆಸಿಕೊಂಡರು. "ಆಯ್ತಾ ನಿಮ್ಮಿಬ್ಬರದು? ಮತ್ತೆ ಮೊದಲಿಂದ. ಈ ಸಲ ಕುಮ್ರಿ ಎತ್ತಲಿ."

ಎತ್ತಿದಳು. ತುದಿಗೆ ಬಂದಳು. ಹೊಸ ತಟ್ಟೆ ನನ್ನ ಕಡೆ ವಾಲಿಸಿದಳು. ನಾನು ಎಣಿಸಲಿಲ್ಲ. ತಗೊಂಡೆ.