ಐದು ಸೆಂಟಿಮೀಟರ್‌ದೊಳಗ

ಮಾರ್ಚ್ 6, ಬೆಳಿಗ್ಗೆ
ರೊಟ್ಟಿ, ಉಪ್ಪಿಲ್ಲದ ಪಲ್ಯಾ, ಇವರ ಗುಳಿಗಿ — ಮುಗೀತು. ಹಿಮಾಯತ್‌ನಗರದ ಸೀರಿ ಅಂಗಡಿಗೆ ರಜಾ ಹೇಳೀನಿ. ಇವರ ಲಿವರ್‌ನ್ಯಾಗ ಕ್ಯಾನ್ಸರ್ ಗಂಟು. ಟ್ರಾನ್ಸ್‌ಪ್ಲಾಂಟ್ ಮಾಡೋದೋ ಬ್ಯಾಡೋ, ಡಾಕ್ಟರ್‌ಗಳು ಕೂಡಿ ಇವತ್ತು ಹೇಳತಾರ. ಲಿವರಿನ ತುಂಡು ಕೊಡಾಕಿ ನಾನು. ನನ್ನ ಟೆಸ್ಟ್ ಎಲ್ಲಾ ಪಾಸ್, ಇವರಿಗೆ ಕೂಡತೈತಂತ. ಇಪ್ಪತ್ತು ವರ್ಷದ ಸಂಸಾರದಾಗ ಇದೊಂದರ ಕೂಡಿತು!

ಸಂಜಿ
ಬ್ಯಾಡ ಅಂದ್ರು. ಗಂಟು ಆರೂವರಿ ಸೆಂಟಿಮೀಟರ್. ಒಂದೇ ಗಂಟಿದ್ರ ಐದರೊಳಗ ಇರಬೇಕಂತ.
ಜಗಳಾನೇ ತೆಗದೆ. "ಕೊಡಾಕಿ ನಾನು, ತಗೊಳ್ಳಾವ್ರು ಇವರು. ನಡುವ ನಿಮ್ಮದೇನ್ರಿ?" ಹಿಂದಿಯೊಳಗ ಶುರು ಮಾಡಿದ್ದು, ಸಿಟ್ಟಿಗೆ ಕನ್ನಡ ಬಂತು.
ಡಾಕ್ಟರ್ ಕಾವ್ಯಾನೂ ಕನ್ನಡದಾಗೇ ಅಂದ್ಲು — ರಾಯಚೂರಿನಾಕಿ ಅಂತ. "ಅಕ್ಕಾರ, ಇಷ್ಟು ದೊಡ್ಡ ಗಂಟು ರಕ್ತದಾಗ ಬೀಜ ಚೆಲ್ಲಿರಬಹುದ್ರಿ. ಹೊಸಾ ಲಿವರ್‌ಗೂ ತಿರುಗಿ ಬರತೈತಿ. ನಿಮ್ಮನ್ನ ಕೊಯ್ದಿದ್ದೂ ದಂಡ."
ಮೊದಲಿಗಿ, ಆ ಗಂಟಿಗಿ ಹೋಗೋ ರಕ್ತದ ನಾಳದಾಗ ಔಷಧ ಬಿಟ್ಟು ಮುಚ್ಚತಾರಂತ. ಸಣ್ಣದಾಗಿ, ಹಂಗೇ ನಿಂತ್ರ ಮತ್ತ ನೋಡತಾರಂತ.
ಬಸ್ಸಿನ್ಯಾಗ ನಾ ಅತ್ತೆ. ಇವರು ಶೇಂಗಾ ತಿಂದ್ರು.

ಮಾರ್ಚ್ 9
ಇವರು ಮೂರು ದಿನದಿಂದ ಛಲೋ ನಿದ್ದಿ ಹೊಡ್ಯಾಕತ್ತಾರ. ಕೇಳೇ ಬಿಟ್ಟೆ.
"ಬ್ಯಾಡ ಅಂದಾಗ ನನಗ ಹಗರ ಆತು, ಸುಮಂಗಲಾ. ನಿನ್ನ ಹೊಟ್ಟಿ ಕೊಯ್ಯೋದು ತಪ್ಪಿತಲ್ಲ. ನಿನಗೇನರ ಆದ್ರ ಮಗಳ ಮುಖಾ ಹೆಂಗ ನೋಡ್ಲಿ?"
ತಾಟು ಕುಕ್ಕಿದೆ. ಮಾತಾಡಲಿಲ್ಲ.

ಮಾರ್ಚ್ 10
ಮಾತಾಡಿದೆ. "ನೀವು ಹೋದ್ರ ನನಗೇನೂ ಆಗೂದಿಲ್ಲ ಅಂದ್ಕೊಂಡೀರೇನ್ರಿ?"
ಕನ್ನಡಕ ಕೇಳಿದ್ರು. ನಾಳದಾಗ ಔಷಧ ಬಿಡಾಕ ಒಪ್ಪಿಗಿ ಫಾರ್ಮಿಗೆ ಸಹಿ ಮಾಡಿದ್ರು.

ಮಾರ್ಚ್ 23
ತೊಡಿಯೊಳಗಿಂದ ಸಣ್ಣ ನಳಿಗಿ ಹಾಕಿ ಔಷಧ ಬಿಟ್ರು. ಎರಡು ದಿನ ಜ್ವರ, ವಾಂತಿ. ಗಂಜಿ ಅಷ್ಟೇ. ಬರ್ಯಾಕ ಏನೂ ಇಲ್ಲ.

ಮೇ 4
ನಾಲ್ಕು ಪಾಯಿಂಟ್ ಒಂದು! ಮೂರು ಸಲ ಓದಿಸಿದೆ. ಕಾವ್ಯಾ ಡಾಕ್ಟರ್ ಮಾತ್ರ ನಗಲಿಲ್ಲ. "ಇನ್ನ ಮೂರು ತಿಂಗಳು ಕಾಯೋಣ್ರಿ. ಸುಮ್ಮ ಕೂಡತೈತೋ, ಮತ್ತ ಬೆಳೀತೈತೋ ನೋಡಬೇಕು."
ಕಾಯೋದು ಅಂದ್ರ...

ಆಗಸ್ಟ್ 8
ಹೂಂ ಅಂದ್ರು!! ಮೂರೂವರಿ. ಎಲ್ಲೂ ಹಬ್ಬಿಲ್ಲ, ರಕ್ತದ ರಿಪೋರ್ಟಿನ್ಯಾಗ ಕ್ಯಾನ್ಸರ್ ಅಂಕಿನೂ ಇಳದೈತಿ. ಇವರು ಕೇಳಿದ್ದು ಒಂದೇ — "ಈಕಿಗೇನೂ ಆಗೂದಿಲ್ಲಲ್ರಿ?"
"ಅಪಾಯ ಇಲ್ಲೇ ಇಲ್ಲ ಅಂತ ಸುಳ್ಳು ಹೇಳೂದಿಲ್ರಿ. ಕಡಿಮಿ ಐತಿ," ಅಂದ್ಲು ಕಾವ್ಯಾ ಡಾಕ್ಟರ್.
ಇವರು ನನ್ನ ಕಡೆ ನೋಡಿದ್ರು. ನಾನು ಗೋಣು ಹಾಕಿದೆ. ಪಾವಟಿಗಿ ಇಳಿಯೂವಾಗ ಅಲ್ಲೇ ಕುಂತು ನಕ್ಕೆ. ವಾಚ್‌ಮನ್ ಗಾಬರಿಯಾಗಿ "ಏಮಯಿಂದಮ್ಮಾ?", ಏನಾತು ಅಂತ ತೆಲುಗಿನ್ಯಾಗ ಕೇಳಕೋತ ಓಡಿ ಬಂದ.
ಮುಂದ ಗುಂಡಿ ಇರೋ ನೈಟಿ ಎರಡು ತಗೊಂಡೆ, ದವಾಖಾನಿಗಿ.

ಆಗಸ್ಟ್ 24, ಬೆಳಿಗ್ಗೆ 5.40
ಆಪರೇಶನ್ನಿಗಿ ಮೊದಲ ನನ್ನನ್ನ ಒಯ್ಯತಾರಂತ. ಇವರ ಮಂಚ ಬಾಜೂಕ.
"ಅಂಜಿಕಿ ಬಂತೇನು?"
"ಇಲ್ರಿ. ಹಸಿವಿ."
ಇಬ್ಬರೂ ನಕ್ವಿ. ನರ್ಸ್ ಬೈದ್ಲು.

ಸೆಪ್ಟೆಂಬರ್ 2
ಅಕ್ಷರ ಸೊಟ್ಟ. ಹೊಲಿಗಿ ಜಗ್ಗತೈತಿ. ಇವರನ್ನ ಐಸಿಯುದಿಂದ ನಿನ್ನೆ ಹೊರಗ ತಂದ್ರು. ಕಣ್ಣಿನ ಹಳದಿ ಹೋಗೈತಿ ಅಂತ ಮಗಳು ರಶ್ಮಿ ಹೇಳಿದ್ಲು, ನಾನಿನ್ನೂ ನೋಡಿಲ್ಲ. ವರಾಂಡದಾಗ ಚಪ್ಪಲಿ ಎಳೆಯೋ ಸಪ್ಪಳ. ಇವರದೇ. ಬಾಗಲಾ ಹಿಡಕೊಂಡು ನಿಂತಾರ, ಬಿಳಿ ಕಣ್ಣು, ನನ್ನ ಹೆಸರು ಹಿಡದು ಕರ್ಯಾಕತ್ತಾರ. ಪೆನ್ನು ಇಡತೀನಿ.