ಎರಡು ರಿಂಗಿಗೆ ತೃಪ್ತಿ

ಜೂನ್ 3, ಸೋಮವಾರ

ನೂರಾ ನಲವತ್ತು ಕರೆ. ಊಟಕ್ಕೆ ಮುಂಚೆಯೇ ಮುಗಿಸಿದೆ. ನಗರಸಭೆಯ ಮೌಲ್ಯಮಾಪನ ವಿಭಾಗ ಎಂದರೆ ನಾನು, ಒಂದು ಕಂಪ್ಯೂಟರ್, ಕಾಲು ಅಲ್ಲಾಡುವ ಒಂದು ಕುರ್ಚಿ. ದೂರು ಕೊಟ್ಟವರಿಗೆ ಫೋನ್ ಮಾಡಿ ಕೆಲಸ ಆಯಿತೇ, ತೃಪ್ತಿಯೇ ಎಂದು ಕೇಳಬೇಕು. ಎತ್ತದಿದ್ದರೆ ತೃಪ್ತಿ ಎಂದೇ ಲೆಕ್ಕ — ನಮ್ಮ ಪೌರಾಯುಕ್ತ ಶೇಕಡಾ ಸಾಹೇಬರ ಸುತ್ತೋಲೆ. ಹೆಸರು ನಾನಿಟ್ಟದ್ದು. ಮನುಷ್ಯ ಹೆಂಡತಿಯ ಜ್ವರವನ್ನೂ ಶೇಕಡಾದಲ್ಲೇ ಹೇಳುತ್ತಾರೆ. ಹಾಗಾಗಿ ಎರಡು ರಿಂಗ್, ಕಟ್. ಅಷ್ಟರಲ್ಲಿ ಯಾರು ತಾನೇ ಎತ್ತುತ್ತಾರೆ?

ಜೂನ್ 5, ಬುಧವಾರ

ಚರಂಡಿ ವಿಭಾಗದ ಇಂಜಿನಿಯರ್‌ಗೆ ಮಾನ ಮರ್ಯಾದೆ ಎರಡೂ ಇಲ್ಲ. ಕೆಲಸ ಮುಗಿದದ್ದಕ್ಕೆ ಫೋಟೊ ಹಾಕಬೇಕು. ಹಾಕುತ್ತಾನೆ — ಒಂದೇ ಫೋಟೊ. ಮ್ಯಾನ್‌ಹೋಲಿನ ಹೊಸ ಮುಚ್ಚಳ, ಪಕ್ಕದಲ್ಲಿ ಒಂಟಿ ಕೆಂಪು ಚಪ್ಪಲಿ. ಹನ್ನೊಂದು ಬೀದಿಗೂ ಅದೇ ಮುಚ್ಚಳ, ಅದೇ ಚಪ್ಪಲಿ. ಚಪ್ಪಲಿಯಾದರೂ ಊರು ಸುತ್ತಿತು, ಇವನು ಕುರ್ಚಿ ಬಿಟ್ಟು ಎದ್ದಿಲ್ಲ. ಕೇಳಿದ್ದಕ್ಕೆ, "ಫೋಟೊ ಇದೆಯಾ ಇಲ್ವಾ ಅಂತಷ್ಟೇ ನಿಮ್ಮ ಕಾಲಂನಲ್ಲಿ ಇರೋದು. ಚಪ್ಪಲಿ ನೋಡಿ ಅಂತಿಲ್ಲ ಸಾರ್" ಎಂದ. ಲಫಂಗ. ಆದರೆ ಹೇಳಿದ್ದು ಸರಿ. ಟಿಕ್ ಹಾಕಿದೆ.

ಜೂನ್ 9, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಗೇಟಿನ ಮುಂದೆಯೇ ಮ್ಯಾನ್‌ಹೋಲ್ ಬಾಯಿ ತೆರೆದುಕೊಂಡಿದೆ. ಮುಚ್ಚಳ ಯಾರೋ ಹೊತ್ತುಕೊಂಡು ಹೋಗಿದ್ದಾರೆ. ಗುರುತಿಗೆಂದು ಭಾವ ಒಂದು ಕೊಂಬೆ ಸಿಕ್ಕಿಸಿದ್ದಾರೆ. ಅಕ್ಕನಿಗೋ ಸಂಜೆಯಾದರೆ ಕಣ್ಣು ಮಂಜು.

"ನೀನು ಅಲ್ಲೇ ಇದ್ದೀಯಲ್ಲ, ಒಂದು ಮಾತು ಹೇಳೋ" ಎಂದಳು. ಆ ಇಂಜಿನಿಯರ್ ಮುಂದೆ ನಾನು ಹಲ್ಲು ಗಿಂಜುವುದೇ? ಎಲ್ಲರ ಹಾಗೆ ಆ್ಯಪ್‌ನಲ್ಲಿ ದೂರು ಕೊಡು, ಮುಂದಿನದು ನಾನು ನೋಡಿಕೊಳ್ಳುತ್ತೇನೆ ಎಂದೆ. ನನ್ನೆದುರೇ ಕೂತು ಒಂದೊಂದೇ ಅಕ್ಷರ ಒತ್ತಿ ಕಳಿಸಿದಳು.

ಜೂನ್ 13, ಗುರುವಾರ

ನೂರಾ ಅರವತ್ತೆರಡು ಕರೆ! ನನ್ನದೇ ದಾಖಲೆ ಮುರಿದೆ. ಪರದೆಯ ಮೇಲೆ ಈಗ ಹೆಸರಿಲ್ಲ, ನಂಬರಿಲ್ಲ — ಗೌಪ್ಯತೆಯಂತೆ. ವಿಳಾಸ ಬೇಕಾದರೆ ಇನ್ನೊಂದು ಕಡೆ ಒತ್ತಬೇಕು. ಯಾರಿಗೆ ಪುರುಸೊತ್ತು… ಕೆಂಪು ಚಪ್ಪಲಿ ಮೂರು ಸಲ ಬಂತು. ಮೂರು ಸಲವೂ ನಕ್ಕೆ. ಮೂರಕ್ಕೂ ತೃಪ್ತಿ.

ಜೂನ್ 19

ದೂರು ಪರಿಹಾರದಲ್ಲಿ ನಮ್ಮ ನಗರಸಭೆಗೆ ರಾಜ್ಯಕ್ಕೇ ಮೊದಲ ಸ್ಥಾನ. ತೃಪ್ತಿ ಶೇಕಡಾ ತೊಂಬತ್ತೆಂಟು ಪಾಯಿಂಟ್ ಆರು. ಇಂಜಿನಿಯರ್‌ಗೆ ಫಲಕ, ಸಾಹೇಬರಿಗೆ ಇನ್ನೂ ದೊಡ್ಡ ಫಲಕ. ನನ್ನನ್ನು ಫೋಟೊದ ಎರಡನೇ ಸಾಲಿನಲ್ಲಿ ನಿಲ್ಲಿಸಿದರು, ಸಾಹೇಬರ ಕಿವಿ ಹಿಂದೆ. ಮುಚ್ಚಳದ ವಿಷಯ ಅಕ್ಕನನ್ನು ಕೇಳಬೇಕೆಂದಿದ್ದೆ. ಮರೆತೆ.

ಜೂನ್ 27, ಆಸ್ಪತ್ರೆ

ಎಂಟು ದಿನ ಬರೆದಿಲ್ಲ. 20ರ ಸಂಜೆ ಅಕ್ಕ ಮ್ಯಾನ್‌ಹೋಲಿಗೆ ಬಿದ್ದಳು. ಕೊಂಬೆ ಯಾವಾಗಲೋ ವಾಲಿ ಬಿದ್ದಿತ್ತಂತೆ. ಸೊಂಟದ ಮೂಳೆ ಮುರಿದಿದೆ. ಮೊದಲಿನ ಹಾಗೆ ನಡೆಯುವುದು ಅನುಮಾನ ಎಂದರು ಡಾಕ್ಟರು.

ಬೆಳಿಗ್ಗೆ ಆಫೀಸಿಗೆ ಹೋಗಿ ಅವಳ ದೂರು ತೆಗೆದು ನೋಡಿದೆ. 13ರಂದೇ ಮುಗಿದಿದೆ. ಫೋಟೊ — ಕೆಂಪು ಚಪ್ಪಲಿ. ಕರೆಯ ಅವಧಿ ಎಂಟು ಸೆಕೆಂಡು. ಪರಿಶೀಲಿಸಿದವರ ಜಾಗದಲ್ಲಿ ನನ್ನ ಹೆಸರು.

ಇಂಜಿನಿಯರ್‌ನ ಜನ್ಮ ಜಾಲಾಡಬೇಕೆಂದು ಅವನ ಕೋಣೆಯ ಬಾಗಿಲ ತನಕ ಹೋದೆ. ಯಾವ ಮುಖ ಇಟ್ಟುಕೊಂಡು? ವಾಪಸು ಬಂದೆ. ಅವನಾದರೂ ಯಾರಿಗೂ ನೋಡಿಕೊಳ್ಳುತ್ತೇನೆ ಎಂದಿರಲಿಲ್ಲ. ನಾನೆಂದರೆ ನನಗೇ ಹೇಸಿಗೆ.

ಜೂನ್ 28, ಬೆಳಿಗ್ಗೆ 11

ಇವತ್ತು ಅಕ್ಕ ಸ್ವಲ್ಪ ಮಾತಾಡಿದಳು. ಅವತ್ತು ಫೋನ್ ಬಂದಿತ್ತಂತೆ. ಒದ್ದೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ನಿಂತಿತಂತೆ. ತಿರುಗಿ ಮಾಡಿದರೆ ಹೋಗಲಿಲ್ಲವಂತೆ. ಆಮೇಲೆ ಮೆಸೇಜ್ — ತಾವು ತೃಪ್ತರಾಗಿದ್ದೀರಿ, ಧನ್ಯವಾದ.

"ನೀನು ನೋಡ್ಕೋತೀನಿ ಅಂದಿದ್ದೆಯಲ್ಲ, ಅದಕ್ಕೇ ಮತ್ತೆ ದೂರು ಕೊಡ್ಲಿಲ್ಲ ಕಣೋ" ಎಂದಳು. ಹೊದಿಕೆ ಸರಿಮಾಡಿಕೊಂಡು, "ಆ ಫೋನ್ ಮಾಡಿದ್ದು ಯಾರು ಅಂತ ವಿಚಾರಿಸು. ಬೈಯೋಕೆ ಹೋಗ್ಬೇಡ, ಪಾಪ, ಅವರಿಗೂ ಎಷ್ಟು ಕೆಲಸ ಇರುತ್ತೋ."

ಬಾಯಿ ತೆರೆದೆ. ಅಷ್ಟರಲ್ಲಿ ಭಾವ ಟೀ ಹಿಡಿದು ಬಂದರು. ಕುಡಿದೆ. ಈಗ ಅವರು ಔಷಧಿ ತರಲು ಹೋಗಿದ್ದಾರೆ. ಅವಳು ಎಚ್ಚರವಾಗಿದ್ದಾಳೆ, ಏನು ಬರೀತಿದ್ದೀಯೋ ಎಂದು ಕೇಳುತ್ತಿದ್ದಾಳೆ. ಅಕ್ಕಾ, ಆ ಫೋನ್ ಮಾಡಿದ್ದು