ಕೆಂಪಿಯ ಬೆನ್ನ ಸುಳಿ

ಸಿದ್ದಾಪುರ
೧೪ ನವೆಂಬರ್ ೨೦೨೪

ನನ್ನ ಅವ್ವನಿಗೆ, ಯಲಬುರ್ಗಿಯವರೆಗೂ ಕೇಳಿಸುವಷ್ಟು ಜೋರಾಗಿ ನಿನ್ನ ಸುಮಂಗಲಾ ಮಾಡುವ ನಮಸ್ಕಾರ.

ಕೆಂಪಿ ಗೆದ್ದಳು! ಇವತ್ತು ಎರಡು ಹೊತ್ತು ಸೇರಿ ಹನ್ನೊಂದೂವರೆ ಲೀಟರ್ ಹಾಲು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಪ್ಪ ಪಕ್ಕದಲ್ಲೇ ನಿಂತಿರುತ್ತಾನೆ. ಅವನ ಮುಂದೆ ಹೇಳಲಾಗದ ಮಾತೂ ಇದೆ. ಕೂಸು ಮಲಗಿದಾಗ ಹೇಮಕ್ಕನ ಕೈಯಲ್ಲಿ ಓದಿಸು.

ನೀನು ಅಕ್ಕನ ಬಾಣಂತನಕ್ಕೆ ಹೋದ ಮರುದಿನವೇ ದಲಾಲಿ ತಿಮ್ಮಣ್ಣ ಬಂದ. ಚೊಚ್ಚಲ ಗಬ್ಬದ ಕೆಂಪಿಯ ಬೆನ್ನ ಮೇಲೆ ಕೈಯಾಡಿಸಿ, "ವಿರುಪಣ್ಣಾ, ಸುಳಿ ತಪ್ಪಿದ ಜಾಗಾದಾಗ ಐತಿ. ಇದು ಹಾಲು ಕೊಡಂಗಿಲ್ಲ, ಮನಿಗೂ ಛಲೋ ಅಲ್ಲ," ಅಂದ. ಅಪ್ಪ ಆಗಲೇ ಟವೆಲಿನ ಕೆಳಗೆ ಅವನ ಬೆರಳು ಹಿಡಿದು ವ್ಯಾಪಾರಕ್ಕೆ ನಿಂತಿದ್ದ. "ಕೆಟ್ಟ ಸುಳಿ ಆದ್ರ ನೀ ಯಾಕ ಒಯ್ತೀ ಕಾಕಾ?" ಎಂದು ಕೇಳಿದೆ. "ನಾ ಏನ್ ಕಟ್ಟಾಂವ ಅಲ್ಲವ್ವ, ಮಾರಾಂವ," ಎಂದು ಹಲ್ಲು ಕಿರಿದ. ಅವತ್ತು ದರ ಕುದುರಲಿಲ್ಲ.

ಕೂದಲು ಯಾವ ಕಡೆ ತಿರುಗಿದೆ ಎಂದು ನೋಡಿ ಒಂದು ಜೀವವನ್ನು ತೂಗುವುದು ಎಂಥ ನ್ಯಾಯ? ಈ ಮಾತಿಗೆ ನನಗೆ ಯಾಕೆ ಸಿಟ್ಟು ಬರುತ್ತದೆಂದು ನಿನಗೆ ಗೊತ್ತು.

ನೀನು ಒಲೆ ಹಚ್ಚಲು ತೆಗೆದಿಟ್ಟಿದ್ದ ನನ್ನ ಹೈನುಗಾರಿಕೆಯ ಕಿರುಪುಸ್ತಿಕೆಯಲ್ಲೇ ಇತ್ತು: ಕರು ಹಾಕುವ ಮುಂಚೆ ಹಸುವಿನ ರಕ್ತದ ಸಕ್ಕರೆ, ಕೊಬ್ಬಿನ ಅಂಶ ಅಳೆದರೆ ಮುಂದೆ ಬರುವ ಹಾಲನ್ನು ಅಂದಾಜು ಮಾಡಬಹುದು. ಅದೇ ವಾರ ಪಶುವೈದ್ಯ ಕಾಲೇಜಿನವರು ಪರೀಕ್ಷೆಗೆಂದು ಊರಿಗೆ ಬಂದಿದ್ದರು. ಅಪ್ಪನಿಗೆ ಲಸಿಕೆ ಎಂದು ಸುಳ್ಳು ಹೇಳಿ ಕೆಂಪಿಯ ರಕ್ತ ಕೊಡಿಸಿದೆ. ಬೈಯುವುದಿದ್ದರೆ ಬೈ.

ವರದಿ ಬಂತು: ಹೆಚ್ಚು ಹಾಲು ಕೊಡುವ ಸಂಭವವಿದೆ. ಅಪ್ಪನಿಗೆ ನಿಜ ಹೇಳಿ ಓದಿ ತೋರಿಸಿದೆ. ಅಪ್ಪ, "ಅದೇನು ಹುಲಿಗೆಮ್ಮನ ಹೇಳಿಕೀನ?" ಎಂದು ನಕ್ಕ. ನಾನು ಹಟ ಹಿಡಿದೆ. ಕರು ಹಾಕಿದ ತಿಂಗಳೊಳಗೆ ದಿನಕ್ಕೆ ಹತ್ತು ಲೀಟರ್ ಮುಟ್ಟದಿದ್ದರೆ ನಾನೇ ಹಗ್ಗ ಹಿಡಿದು ತಿಮ್ಮಣ್ಣನ ಗಾಡಿಗೆ ಹತ್ತಿಸುತ್ತೇನೆ, ಪುಸ್ತಿಕೆಗಳನ್ನೆಲ್ಲ ಒಲೆಗೆ ಹಾಕುತ್ತೇನೆ ಎಂದೆ.

ಕರು ಹಾಕಿ ವಾರವಾದರೂ ಐದು ಲೀಟರ್ ದಾಟಲಿಲ್ಲ. ಫೋನಿನಲ್ಲಿ ನಿನಗೆ "ಎಲ್ಲಾ ಛಲೋ ಐತಿ" ಅಂದೆನಲ್ಲ, ಆಗ ಕೊಟ್ಟಿಗೆಯಲ್ಲಿ ಕೂತು ಅಳುತ್ತಿದ್ದೆ. ವರದಿ ಬರೀ ಸಂಭವ ಎಂದಿತ್ತು. ಖಾತ್ರಿ ಎಂದು ಸಾರಿದವಳು ನಾನು. ಹಾಲು ಏರಲು ನಾಲ್ಕೈದು ವಾರ ಬೇಕೆಂದು ಪುಸ್ತಿಕೆಯಲ್ಲಿತ್ತು. ದಿನಕ್ಕೆ ಹತ್ತು ಸಲ ಅದನ್ನೇ ಓದಿದೆ. ಕೆಂಪಿಗೆ ಮೇವು, ನೀರು ಒಂದು ಹೊತ್ತೂ ತಪ್ಪಿಸಲಿಲ್ಲ.

ಇವತ್ತು ಇಪ್ಪತ್ತೆಂಟನೆಯ ದಿನ. ಡೈರಿಯಲ್ಲಿ ಹಾಲು ಅಳೆಯುವ ಫಾತಿಮಾಬೀ ಕ್ಯಾನಿನೊಳಗೆ ಇಣುಕಿ, "ಯವ್ವಾ, ಕಾಲುವಿ ನೀರ ಹಾಕೀಯೇನ?" ಎಂದು ಎರಡು ಸಲ ಅಳತೆ ಕಡ್ಡಿ ಅದ್ದಿದಳು. ಎರಡು ಸಲವೂ ಅಪ್ಪಟ ಹಾಲು! "ಈ ಆಕಳಿನ ತಂಗಿ ಇದ್ರ ನನಗ ಹೇಳವ್ವ," ಅಂದಳು.

ಸಂಜೆ ತಿಮ್ಮಣ್ಣ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಹಗ್ಗ ವಾಪಸ್ ಒಯ್ಯೋ ತಿಮ್ಮಣ್ಣ. ಸುಳಿ ಬೆನ್ನ ಮ್ಯಾಗ ಐತಿ, ಹಾಲು ಕೆಚ್ಚಲದಾಗ ಐತಿ," ಅಂದ. ನಮ್ಮ ಅಪ್ಪ, ಅವ್ವಾ! ನನ್ನ ಕಿವಿಯಾರೆ ಕೇಳಿದೆ.

ಗಿಣ್ಣ ತಿನ್ನಲು ನೀನಿರಲಿಲ್ಲ ಎಂಬುದೊಂದೇ ಕೊರಗು.

ಸೋಲದ ನಿನ್ನ ಮಗಳು,
ಸುಮಂಗಲಾ

ತಾ.ಕ.: ಕುಷ್ಟಗಿಯ ಗಂಡಿನವರು ನನ್ನನ್ನು ನೋಡಲು ಬಂದಾಗ, ನನ್ನ ಹಣೆಯ ಸುಳಿ ಕಾಣದಂತೆ ನೀನು ಬೈತಲೆ ಓರೆ ತೆಗೆದಿದ್ದೆ. ಆದರೂ ಅವರು ಕಂಡುಹಿಡಿದು ಎದ್ದು ಹೋದರು. ನೀನು ಮೂರು ದಿನ ಉಣ್ಣಲಿಲ್ಲ. ಇವತ್ತು ಕೂದಲನ್ನು ಪೂರ್ತಿ ಹಿಂದಕ್ಕೆಳೆದು ಕಟ್ಟಿಕೊಂಡು ಡೈರಿಗೆ ಹೋಗಿದ್ದೆ. ಹೊರಡುವಾಗ ಅಪ್ಪ ನನ್ನ ಹಣೆ ನೋಡಿದ. ಕ್ಯಾನು ಎತ್ತಿ ನನ್ನ ತಲೆಯ ಮೇಲಿಟ್ಟ.